ಅಂಬವ್ವನ ಮುಖ, ರಮಾಮಣಿಯವರ ದನಿ

ಧಾರಾವಿಯ ಅಂಬವ್ವನ ಗಂಡನನ್ನು ಕರುಣಾಕಿರಣ ಸೇವಾ ಮಂಡಳಿಯವರು ಮಾಟುಂಗದ ತುಂಬಿದ ಸಭೆಯೊಂದರಲ್ಲಿ, ಟಿವಿ ಪರದೆಯ ಮೇಲೆ ಸಾಯಿಸಿದರು. ಆತ ಆ ಹೊತ್ತಿನಲ್ಲಿ ಹೆಂಡತಿಯ ಪಕ್ಕದ ಕುರ್ಚಿಯಲ್ಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಬಿಳಿ ಟೋಪಿ ಇಟ್ಟುಕೊಂಡು ಕೂತಿದ್ದ. ನಾನೂ ಅದೇ ಸಾಲಿನಲ್ಲಿದ್ದೆ. ಇದಾಗಿ ವರ್ಷಗಳೇ ಕಳೆದಿವೆ. ಕಾಲ ಹೋದ ಹಾಗೆ ಸಿಟ್ಟು ಆರುತ್ತದೆ ಎನ್ನುತ್ತಾರೆ. ನನ್ನದು ಆರಿಲ್ಲ. ಆರಬೇಕು ಅಂತ ನನಗೆ ಅನ್ನಿಸಿಯೂ ಇಲ್ಲ.

ನಾನು ಧಾರಾವಿಯ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಹೆಸರು ಸುಮಿತ್ರಾ. ಮನೆ ಕುರ್ಲಾದ ಒಂದು ಚಾಳಿನಲ್ಲಿ. ಒಂದನೇ ಇಯತ್ತೆಗೆ ಬರುವ ಮಕ್ಕಳಲ್ಲಿ ಕೆಲವರು ಮೂಗು ಒರೆಸಿಕೊಂಡು, ತಲೆ ಬಾಚಿಕೊಂಡು, ಅ ಆ ಇ ಈ ಹಾಡಿನ ಹಾಗೆ ಹೇಳುತ್ತ ಬರುತ್ತಿದ್ದರು. ಎಲ್ಲಿ ಕಲಿತಿರಿ ಅಂದರೆ ಎಲ್ಲರದೂ ಒಂದೇ ಉತ್ತರ: "ಅಂಬವ್ವಾಯಿ ಹಂತ್ಯಾಕ." ಯಾರಿದು ಅಂಬವ್ವಾಯಿ ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಚರ್ಮದ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಖೋಲಿ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಮಕ್ಕಳು. ನಡುವೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಗಟ್ಟಿಮುಟ್ಟಾದ ಹೆಂಗಸು, ಒಂದು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಇನ್ನೊಂದಕ್ಕೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು.

"ಬರ್ರಿ ಅಕ್ಕೋರ, ಕುಂದರ್ರಿ. ಜಾಗಾ ಇಲ್ಲ ಅನಬ್ಯಾಡ್ರಿ, ಮಕ್ಕಳನ್ನ ಒಂಚೂರು ಸರಿಸಿದ್ರ ಆತು," ಅಂದಳು.

ಅಂಬವ್ವ ಬಿಜಾಪುರದ ಕಡೆಯವಳು. ಮದುವೆಯಾಗಿ ಗದಿಗೆಪ್ಪನ ಬೆನ್ನಹಿಂದೆ ಮುಂಬಯಿಗೆ ಬಂದವಳು. ಗದಿಗೆಪ್ಪ ಚರ್ಮ ಹದ ಮಾಡುವ ಕೆಲಸದಲ್ಲಿದ್ದ. ಈಕೆಯೂ ಬಹಳ ಕಾಲ ಅಲ್ಲೇ ಚರ್ಮದ ಅಂಚು ಕತ್ತರಿಸುತ್ತಿದ್ದಳು. ಇದ್ದ ಒಬ್ಬ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಹೀಗೆ ಪರರ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ ಶುರುವಾಯಿತು ಅಂತ ಕೇಳಿದರೆ ಅವಳು ಎಲ್ಲರಿಗೂ ಹೇಳುತ್ತಿರಲಿಲ್ಲ. ನನಗೆ ಹೇಳಲಿಕ್ಕೂ ಒಂದು ಮಳೆಗಾಲ ಹಿಡಿಯಿತು.

ಪಕ್ಕದ ಖೋಲಿಯ ಸೇವಂತಿಗೆ ಒಂದು ಹೆಣ್ಣು ಕೂಸಿತ್ತು, ಅಪ್ಪಿ ಅಂತ. ಇನ್ನೂ ಮಾತು ತೊದಲುವ ವಯಸ್ಸು. ಸೇವಂತಿ ಬೆಳಿಗ್ಗೆ ಚಿಂದಿ ಆರಿಸುವ ಗೋದಾಮಿಗೆ ಹೋಗಬೇಕು, ಕೂಸು ಗಲ್ಲಿಯಲ್ಲಿ ಆಡಿಕೊಂಡಿರಬೇಕು. ಧಾರಾವಿಯಲ್ಲಿ ಎಲ್ಲರ ಮಕ್ಕಳೂ ಹಾಗೇ ಬೆಳೆಯುವುದು. ಗಲ್ಲಿಯ ಕೊನೆಗೆ ಕಾರ್ಖಾನೆಯ ಸುಣ್ಣದ ಹೊಂಡ. ಚರ್ಮದ ಕೂದಲು ಉದುರಲೆಂದು ನೆನೆಹಾಕುವ ಆ ಹೊಂಡದ ಮೇಲೆ ಒಂದು ಹಲಗೆ ಹಾಕಿದ್ದರು. ಅದು ಮುರಿದಿತ್ತು. ಮುರಿದಿದೆ ಅಂತ ಗಲ್ಲಿಯ ಹೆಂಗಸರು ಕೆಲಸ ನೋಡಿಕೊಳ್ಳುವ ಮುಕಾದಮನಿಗೆ ಹೇಳಿದ್ದರು, ಕಾರ್ಖಾನೆಯ ಮಾಲೀಕ ಶೇಟ್‌ಗೆ ಹೇಳಿದ್ದರು, ಹೇಳಿ ಹೇಳಿ ಸಾಕಾಗಿತ್ತು. ಒಂದು ದಿನ ಅಪ್ಪಿ ಅದರೊಳಗೆ ಬಿತ್ತು.

ಕೂಗು ಕೇಳಿ ಓಡಿ ಬಂದು ಹೊಂಡಕ್ಕೆ ಇಳಿದವನು ಅಲ್ಲೇ ಕೆಲಸ ಮಾಡುತ್ತಿದ್ದ ಗದಿಗೆಪ್ಪ. ಕೂಸನ್ನು ಎತ್ತಿ ತಂದ. ಉಳಿಸಲಾಗಲಿಲ್ಲ. ಆತನ ಎರಡೂ ಕಾಲು ಮೊಳಕಾಲತನಕ ಸುಣ್ಣಕ್ಕೆ ಸುಟ್ಟು ಹೋಗಿದ್ದವು. ವಾಸಿಯಾಗಿ ಕೆಲಸಕ್ಕೆ ಹೋದ ದಿನ ಶೇಟ್‌ನ ಎದುರು ನಿಂತು, "ಹಲಗಿ ಹಾಕಿಸಿದ್ರ ಕೂಸು ಉಳೀತಿತ್ತು" ಅಂದ. ಅಷ್ಟಕ್ಕೇ ಆತನ ಕೆಲಸ ಹೋಯಿತು. ಆಮೇಲೆ ಒಂದು ಸಣ್ಣ ಕಾರಖಾನೆಯಲ್ಲಿ ಬೆಲ್ಟು ಹೊಲಿಯಲಿಕ್ಕೆ ಸೇರಿಕೊಂಡ. ಕೊರಳಲ್ಲಿ ಲಿಂಗವಿದ್ದ ಮನುಷ್ಯ, ಬೀಡಿಯನ್ನೂ ಮುಟ್ಟಿದವನಲ್ಲ. ಮಾತು ಬಹಳ ಕಡಿಮೆ.

ಅಪ್ಪಿಯನ್ನು ಮಣ್ಣು ಮಾಡಿ ಬಂದ ಮಾರನೇ ದಿನ ಅಂಬವ್ವ ಕೆಲಸ ಬಿಟ್ಟಳು. ಗಲ್ಲಿಯ ಮನೆಮನೆಗೆ ಹೋಗಿ, "ನಿಮ್ಮ ಕೂಸು ನನ್ನ ಕಡೆ ಬಿಟ್ಟು ಹೋಗ್ರಿ. ಒಂದು ಬೊಗಸಿ ಜ್ವಾಳದ ಹಿಟ್ಟು ಕೊಡ್ರಿ, ಸಾಕು" ಅಂದಳು. ಬಾಲವಾಡಿ ಶುರುವಾಗಿದ್ದು ಹೀಗೆ. ಯಾವ ಮಂಡಳಿಯೂ ಆಗ ಆ ಗಲ್ಲಿಯಲ್ಲಿ ಮೂಗು ಮುಚ್ಚಿಕೊಂಡು ಸಹ ಓಡಾಡಿರಲಿಲ್ಲ.

ಮಂಡಳಿ ಗಲ್ಲಿಗೆ ಬಂದದ್ದು ಕೆಲವು ವರ್ಷಗಳ ಮೇಲೆ. ಬಾಂದ್ರಾದಲ್ಲಿ ಆಫೀಸು. ದೊಡ್ಡ ಕಂಪನಿಯೊಂದರಿಂದ ನಿವೃತ್ತರಾದ ಹಿರಿಯಣ್ಣನವರು ಅಧ್ಯಕ್ಷರು, ರಮಾಮಣಿಯವರು ಕಾರ್ಯದರ್ಶಿ. ಇಬ್ಬರೂ ಮೈಸೂರಿನ ಕಡೆಯವರು. ರಮಾಮಣಿಯವರು ಕೆಟ್ಟವರಲ್ಲ. ಗಲ್ಲಿಯ ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದರು, ಅಂಬವ್ವನ ಖೋಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಮಂಡಳಿಯಿಂದ ಚಾಪೆ, ಬರೆಯುವ ಪಾಟಿ, ಮಕ್ಕಳಿಗೆ ಹಾಲಿನ ಪುಡಿ ಬಂದವು. ಬಾಗಿಲ ಮೇಲೆ ಒಂದು ತಗಡಿನ ಬೋರ್ಡೂ ಬಂತು. ಅದರಲ್ಲಿ ಮಂಡಳಿಯ ಹೆಸರು ದೊಡ್ಡದಾಗಿತ್ತು. ಅಂಬವ್ವನ ಹೆಸರು ಇರಲಿಲ್ಲ. ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎಂಬತ್ತೆಂಟನೆಯ ಇಸವಿ. ಮಂಡಳಿಗೆ ಇಪ್ಪತ್ತೈದು ತುಂಬುವ ವರ್ಷ, ದೊಡ್ಡ ಸಮಾರಂಭ. ಪ್ರತಿ ವರ್ಷ ಸಭಾಂಗಣದ ಹೊರಗೆ ಹಲಗೆಗೆ ಫೋಟೋ ಅಂಟಿಸಿ ಇಡುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ಈ ಸಲ ವಿಡಿಯೋ ಮಾಡಿಸಬೇಕು, ಜನ ನಮ್ಮ ಕೆಲಸವನ್ನು ಕಣ್ಣಾರೆ ಕಾಣಬೇಕು, ಕಿವಿಯಾರೆ ಕೇಳಬೇಕು ಅಂತ ಹಿರಿಯಣ್ಣನವರು ತೀರ್ಮಾನಿಸಿದರು. ಆಗ ಮದುವೆಗೆ ವಿಡಿಯೋ ತೆಗೆಸುವುದೇ ಒಂದು ದೊಡ್ಡಸ್ತಿಕೆ. ಕುರ್ಲಾದಲ್ಲಿ ನಮ್ಮ ಚಾಳಿನ ಹತ್ತಿರವೇ ಸ್ಟುಡಿಯೋ ಇಟ್ಟಿದ್ದ ಮಂಗಳೂರಿನ ದೂಜನನ್ನು ಗೊತ್ತು ಮಾಡಿದರು.

ದೂಜ ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಕಣ್ಣು ಕುಕ್ಕುವ ದೀಪ ಹಿಡಿದು ಗಲ್ಲಿಗೆ ಬಂದಾಗ ಜಾತ್ರೆಗಿಂತ ಹೆಚ್ಚು ಜನ. ಅಂಬವ್ವ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿ ಕೂರಿಸಿದ್ದಳು. ರಮಾಮಣಿಯವರು ಹತ್ತಿರ ಬಂದು ಮೆಲ್ಲಗೆ, "ಅಂಬವ್ವ, ಇಷ್ಟು ಚೆನ್ನಾಗಿರೋ ಸೀರೆ ಬೇಡ, ದಿನಾ ಉಡೋದೇ ಉಟ್ಕೊಳ್ಳಿ. ಸಹಜವಾಗಿರತ್ತೆ," ಅಂದರು.

"ಬಾಯಾರ, ಮಂದಿ ನೋಡೂ ಮುಂದ ಯಾರರ ಹರಕ ಉಡ್ತಾರೇನ್ರಿ?" ಅಂತ ಅಂಬವ್ವ ನಕ್ಕಳು. ಸೀರೆ ಬದಲಿಸಲಿಲ್ಲ.

ಆಮೇಲೆ ರಮಾಮಣಿಯವರು ಮೈಕು ಹಿಡಿದು ಪ್ರಶ್ನೆ ಕೇಳಿದರು. ಬಾಲವಾಡಿ ಯಾಕೆ ಶುರು ಮಾಡಿದಿರಿ ಅಂದಾಗ ಅಂಬವ್ವ ಬಾಗಿಲಲ್ಲಿ ನಿಂತಿದ್ದ ಸೇವಂತಿಯನ್ನು ನೋಡಿದಳು. ಹೇಳು ಅನ್ನುವ ಹಾಗೆ ಸೇವಂತಿ ತಲೆ ಆಡಿಸಿದಳು. ಆಗ ಅಂಬವ್ವ ಎಲ್ಲವನ್ನೂ ಹೇಳಿದಳು: ಮುರಿದ ಹಲಗೆ, ಸುಣ್ಣದ ಹೊಂಡ, ಮಣ್ಣಿಗಿಟ್ಟ ಕೂಸು. ಹೇಳುತ್ತ ಹೇಳುತ್ತ ಅತ್ತಳು. ನಾನು ಅಲ್ಲೇ ಇದ್ದೆ. ಅವಳು ಹಾಗೆ ಅತ್ತದ್ದನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ರಮಾಮಣಿಯವರೂ ಕಣ್ಣು ಒರೆಸಿಕೊಂಡರು. ದೂಜ ದೀಪ ಆರಿಸಿ, ಕ್ಯಾಮೆರಾ ಕೆಳಗಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಆ ಸಂಜೆ ಅಂಬವ್ವ ಸೇವಂತಿಗೆ, "ನೋಡವಾ, ದೊಡ್ಡ ದೊಡ್ಡ ಮಂದಿ ಕೂಡೂ ಸಭಾ. ಅಪ್ಪಿ ಹೆಸರು ಅವರ ಕಿವ್ಯಾಗ ಬೀಳತೈತಿ. ಹಂಗರ ಆ ಹೊಂಡಾ ಮುಚ್ಚಸ್ಯಾರು," ಅಂದಳು. ಅಷ್ಟು ವರ್ಷವಾದರೂ ಹೊಂಡದ ಮೇಲೆ ಅದೇ ಹಲಗೆಯ ಜಾಗದಲ್ಲಿ ಇನ್ನೊಂದು ಹಲಗೆ, ಅಷ್ಟೇ.

ಸಮಾರಂಭದ ದಿನ ಮಂಡಳಿಯವರು ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಅಂಬವ್ವ, ಪಕ್ಕದಲ್ಲಿ ಗದಿಗೆಪ್ಪ, ಈಚೆಗೆ ಸೇವಂತಿ, ನಾನು. ಗದಿಗೆಪ್ಪ ಬರಲು ಒಪ್ಪಿರಲಿಲ್ಲ. "ನಮ್ಮಂಥಾವ್ರಿಗೆ ಅಲ್ಲೇನು ಕೆಲಸ" ಅಂದಿದ್ದ. ಹೆಂಡತಿ ಬಲವಂತ ಮಾಡಿ ಹೊರಡಿಸಿದ್ದಳು. ಮುಂದಿನ ಸಾಲಿನಲ್ಲಿ ದಾನಿಗಳು. ಅವರಲ್ಲೊಬ್ಬರ ತಲೆಯ ಹಿಂಭಾಗ ನೋಡಿದ್ದೇ ಗದಿಗೆಪ್ಪ ನೆಟ್ಟಗೆ ಕೂತ. ಅದು ಸುಣ್ಣದ ಹೊಂಡದ ಶೇಟ್. ಮಂಡಳಿಯ ಮಹಾಪೋಷಕರಲ್ಲಿ ಒಬ್ಬರು ಅಂತ ನನಗೆ ಗೊತ್ತಾದದ್ದು ಅವರಿಗೆ ಶಾಲು ಹೊದಿಸುವಾಗ.

ಭಾಷಣಗಳು ಮುಗಿದವು. ವೇದಿಕೆಯ ಎರಡೂ ಕಡೆ ದೊಡ್ಡ ಕಲರ್ ಟಿವಿ ಇಟ್ಟಿದ್ದರು. ಹಾಲಿನ ದೀಪ ಆರಿತು. ಸಿತಾರಿನ ದುಃಖದ ಸಂಗೀತ ಎದ್ದಿತು. ಧಾರಾವಿಯ ಗಟಾರ, ಕೊಚ್ಚೆ, ನೊಣ, ಬರಿಮೈಯ ಕೂಸು. ಎಣ್ಣೆ ಹಚ್ಚಿ ಬಾಚಿದ ಒಂದು ತಲೆಯೂ ಕಾಣಲಿಲ್ಲ. ಆಮೇಲೆ ಅಂಬವ್ವನ ಮುಖ ಟಿವಿಯ ತುಂಬ ಬಂತು. ಸೇವಂತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಅಂಬವ್ವನ ತುಟಿ ಆಡುತ್ತಿತ್ತು, ದನಿ ಮಾತ್ರ ಅವಳದಲ್ಲ. ರಮಾಮಣಿಯವರದು. ಚೆನ್ನಾಗಿ, ಮಧುರವಾಗಿ, ರೇಡಿಯೋದಲ್ಲಿ ಓದುವವರ ಹಾಗೆ ಓದಿದ್ದರು: "ಈ ನತದೃಷ್ಟ ತಾಯಿಯ ಪತಿ ಕುಡಿತದ ಚಟಕ್ಕೆ ಬಲಿಯಾಗಿ ಅಸುನೀಗಿದಾಗ, ಆಕೆಯ ಬಾಳಿನಲ್ಲಿ ಕತ್ತಲೆ ಕವಿಯಿತು. ದಿಕ್ಕು ಕಾಣದೆ ಬೀದಿಗೆ ಬಿದ್ದ ಅಂಬವ್ವನ ಕೈಹಿಡಿದು ಮೇಲೆತ್ತಿದ್ದು ಕರುಣಾಕಿರಣ. ಆಕೆಗೊಂದು ಸೂರು, ಒಂದು ಬಾಲವಾಡಿ, ಬದುಕಲು ಒಂದು ಕಾರಣ ಕೊಟ್ಟದ್ದು ನಿಮ್ಮೆಲ್ಲರ ಕರುಣೆ." ಪರದೆಯ ಮೇಲೆ ಅಂಬವ್ವ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸುತ್ತಲಿನ ಹೆಂಗಸರು ಚ್ಚು ಚ್ಚು ಅಂದರು. ಯಾರೋ ಮೂಗು ಸೀಟಿದರು.

ಅಪ್ಪಿಗಾಗಿ ಸುರಿಸಿದ ಕಣ್ಣೀರು ಅದು! ಅದನ್ನು ಕಿತ್ತು ತಂದು, ಇಲ್ಲದ ಕುಡುಕನೊಬ್ಬನ ಹೆಣದ ಮೇಲೆ ಸುರಿದಿದ್ದರು.

ಗದಿಗೆಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಂಬವ್ವ ಎದ್ದು ನಿಂತಳು.

"ಬಂದ್ ಮಾಡ್ರಿ ಅದನ್ನ!"

ಹಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಶ್ ಶ್ ಅಂದರು. ಅವಳು ಕೂರಲಿಲ್ಲ.

"ಬಂದ್ ಮಾಡ್ರಿ ಅಂದ್ನೆಲ್ಲ! ಯಾರ ಗಂಡ ಸತ್ತಾನ್ರಿ? ನನ್ನ ಗಂಡ ಇಲ್ಲೇ ಕುಂತಾನ. ನೋಡ್ರಿ! ಗದಿಗೆಪ್ಪ ಅಂತ ಅವನ ಹೆಸರು. ಗದಿಗೆಪ್ಪ! ಒಂದು ಹನಿ ಕುಡದಾಂವ ಅಲ್ಲ."

ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಆಫೀಸಿನಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಅಂಥವಳು ಅಷ್ಟು ಜನರ ನಡುವೆ ಆ ಹೆಸರನ್ನು ಕೂಗಬೇಕಾಯಿತು, ಆತ ಬದುಕಿದ್ದಾನೆ ಅಂತ ರುಜುವಾತು ಮಾಡಲಿಕ್ಕೆ.

ಆಗ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಸತ್ತವನು ಪಕ್ಕದಲ್ಲೇ ಕೂತಿದ್ದಾನೆ ಅನ್ನುವುದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಈಗಷ್ಟೇ ಕಣ್ಣೊರೆಸಿಕೊಂಡವರೂ ನಕ್ಕರು. ಗದಿಗೆಪ್ಪ ಎದ್ದ. ಟೋಪಿಯನ್ನು ಕೈಯಲ್ಲೇ ಹಿಡಿದು, ಕುರ್ಚಿಗಳ ನಡುವೆ ಜನರ ಮೊಳಕಾಲು ತಾಗದ ಹಾಗೆ ಮೈ ಹಿಡಿ ಮಾಡಿಕೊಂಡು, ಹೊರಗೆ ನಡೆದುಹೋದ. ಹಿರಿಯಣ್ಣನವರು ಮೈಕಿನಲ್ಲಿ, "ತಾಂತ್ರಿಕ ದೋಷಕ್ಕಾಗಿ ಕ್ಷಮೆಯಿರಲಿ. ಈಗ ಪುಟಾಣಿಗಳಿಂದ ನೃತ್ಯ," ಅಂದರು. ತಾಂತ್ರಿಕ ದೋಷವಂತೆ!

ಮಾರನೇ ದಿನ ಶಾಲೆ ಬಿಟ್ಟ ಮೇಲೆ ನಾನು ಅಂಬವ್ವನ ಜೊತೆ ಬಾಂದ್ರಾದ ಆಫೀಸಿಗೆ ಹೋದೆ. ಹಿರಿಯಣ್ಣನವರೂ ರಮಾಮಣಿಯವರೂ ಇದ್ದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅಂಬವ್ವ ಕಪ್ಪು ಮುಟ್ಟಲಿಲ್ಲ.

"ನೋಡಿ ಅಂಬವ್ವ, ನೀವು ತಪ್ಪು ತಿಳ್ಕೋಬಾರದು," ರಮಾಮಣಿಯವರು ಶುರು ಮಾಡಿದರು. "ಅದು ನಿಮ್ಮೊಬ್ಬರ ಕಥೆ ಅಂತ ಅಲ್ಲ. ನಿಮ್ಮಂಥ ಎಷ್ಟೋ ಹೆಣ್ಣುಮಕ್ಕಳ ಕಥೆ. ಜನಕ್ಕೆ ಮನಸ್ಸಿಗೆ ತಟ್ಟಬೇಕಲ್ವಾ?"

"ಎಲ್ಲಾರ ಕಥಿ ಆಗಿದ್ರ ನನ್ನ ಮಾರಿ ಯಾಕ ಬೇಕಿತ್ರಿ ಬಾಯಾರ? ನಿಮ್ಮ ಮಾರಿನ ತೋರಿಸಿ, ನಿಮ್ಮ ಯಜಮಾನ್ರು ಕುಡದು ಸತ್ರು ಅಂತ ಹೇಳಬೇಕಿತ್ತು."

ರಮಾಮಣಿಯವರ ಮುಖ ಕೆಂಪಾಯಿತು. ಹಿರಿಯಣ್ಣನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಮ್ಮ, ಮಾತಿಗೆ ಒಂದು ಮಿತಿ ಬೇಡವಾ? ಇಷ್ಟು ವರ್ಷ ಮಂಡಳಿ ನಿಮಗೆ ಏನು ಮಾಡಿದೆ ಅನ್ನೋದನ್ನ ಮರೀಬೇಡಿ. ಒಂದು ಸಣ್ಣ ಬದಲಾವಣೆಗೆ ಇಷ್ಟು ರಂಪ ಮಾಡೋದಾ?"

ನಾನು ತಡೆಯಲಾರದೆ ಕೇಳಿದೆ: "ಸಾರ್, ಆಕೆ ಹೇಳಿದ ಕೂಸಿನ ವಿಷಯ ಎಲ್ಲಿ ಹೋಯಿತು? ರಮಾಮಣಿಯವರೇ, ನೀವೇ ಮೈಕು ಹಿಡಿದು ಕೇಳಿದ್ದಿರಿ. ನೀವೂ ಅತ್ತಿದ್ದಿರಿ."

ರಮಾಮಣಿಯವರು ಹಿರಿಯಣ್ಣನವರ ಕಡೆ ನೋಡಿದರು. ಉತ್ತರ ಕೊಟ್ಟವರು ಹಿರಿಯಣ್ಣನವರೇ. "ಸಂತೋಷದ ಸಮಾರಂಭದಲ್ಲಿ ಸಾವು ನೋವು ಬೇಡ ಅನ್ನಿಸ್ತು."

"ನನ್ನ ಗಂಡನ್ನ ಸಾಯಿಸಿದ್ದು ಸಾವಲ್ಲೇನ್ರಿ?" ಅಂತ ಅಂಬವ್ವ ಎದ್ದಳು. "ಆ ಕ್ಯಾಸೆಟ್ ನನ್ನ ಕೈಯಾಗ ಕೊಡ್ರಿ."

ಅದು ಸಾಧ್ಯವಿಲ್ಲ, ಪ್ರತಿಗಳು ಆಗಲೇ ದಾನಿಗಳ ಮನೆಗಳಿಗೂ ದಿಲ್ಲಿಗೂ ಬೆಂಗಳೂರಿಗೂ ಹೋಗಿವೆ ಅಂದರು. ಅಂದರೆ ನಾವು ಕಾಣದ ಊರುಗಳ ಕಾಣದ ಮನೆಗಳಲ್ಲಿ, ಸೋಫಾದ ಮೇಲೆ ಕೂತವರ ಎದುರು, ಗದಿಗೆಪ್ಪ ದಿನವೂ ಕುಡಿದು ಸಾಯುತ್ತಿದ್ದ.

ಮುಂದಿನ ಭಾನುವಾರ ಬೆಳಿಗ್ಗೆ ಅಂಬವ್ವ ತಗಡಿನ ಬೋರ್ಡನ್ನು ತಾನೇ ಸ್ಟೂಲು ಹತ್ತಿ ಬಿಚ್ಚಿದಳು. ಚಾಪೆ ಸುತ್ತಿದಳು, ಪಾಟಿಗಳನ್ನು ಚೀಲಕ್ಕೆ ತುಂಬಿದಳು. ಉಳಿದಿದ್ದ ಹಾಲಿನ ಪುಡಿಯ ಡಬ್ಬಿಯನ್ನೂ ಎತ್ತಿಕೊಂಡಳು. ಗಲ್ಲಿಯ ತಾಯಂದಿರು ಒಬ್ಬೊಬ್ಬರು ಒಂದೊಂದು ಹಿಡಿದರು. ಬೋರ್ಡು ಅಂಬವ್ವನ ತಲೆಯ ಮೇಲೆ. ಸಮುದ್ರದ ಖಾಡಿಯ ಸೇತುವೆ ದಾಟಿ, ಬಾಂದ್ರಾದ ರಸ್ತೆಯಲ್ಲಿ ಆ ಹೆಂಗಸರ ಸಾಲು ನಡೆದುಹೋಗುವಾಗ ಬಸ್ಸಿನ ಜನ ಇಣುಕಿ ನೋಡಿದರು. ಆಫೀಸಿಗೆ ಬೀಗ ಹಾಕಿತ್ತು. ಎಲ್ಲವನ್ನೂ ಬಾಗಿಲೆದುರು ಓರಣವಾಗಿ ಜೋಡಿಸಿಟ್ಟು ವಾಪಸಾದರು.

"ನಾಳೆ ಮಕ್ಕಳನ್ನ ಎದರ ಮ್ಯಾಲ ಕೂಡಸ್ತೀ?" ಅಂತ ದಾರಿಯಲ್ಲಿ ಒಬ್ಬಳು ಕೇಳಿದಳು.

"ಮದಲ ಎದರ ಮ್ಯಾಲ ಕೂಡಸ್ತಿದ್ದೆ? ಕೌದಿ ಹಾಸ್ತೀನಿ."

ಇಷ್ಟಕ್ಕೇ ಅವಳು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಆದರೆ ಮನೆಯಲ್ಲಿ ಗದಿಗೆಪ್ಪ ಇನ್ನಷ್ಟು ಮೌನಿಯಾಗಿದ್ದ. ಕಾರಖಾನೆಯಲ್ಲಿ ಜೊತೆಯವರು, "ಏ, ಸತ್ತಾಂವ ಬಂದ ನೋಡ್ರೋ, ಬೆಲ್ಟು ಹೊಲ್ಯಾಕ" ಅಂತ ಚೇಷ್ಟೆ ಮಾಡುತ್ತಿದ್ದರಂತೆ. ಸೇವಂತಿ ಅಂಬವ್ವನ ಎದುರು ಬಂದರೆ ನೆಲ ನೋಡುತ್ತಿದ್ದಳು. ಮಾತು ಕೊಟ್ಟು ತಪ್ಪಿದ್ದು ತಾನೇ ಅನ್ನುವ ಹಾಗೆ ಅಂಬವ್ವ ಒದ್ದಾಡಿದಳು. ಒಂದು ದಿನ ನನ್ನ ಶಾಲೆಯ ಬಾಗಿಲಿಗೇ ಬಂದಳು.

"ಅಕ್ಕೋರ, ಆ ಕ್ಯಾಮೆರಾದ ಮನಶ್ಯಾನ ಕಡೆ ಕರಕೊಂಡು ನಡೀರಿ. ನಾ ಆಡಿದ ಮಾತು ಅವನ ಕಡೆ ಇರತೈತೆಲ್ಲ?"

ದೂಜನ ಸ್ಟುಡಿಯೋ ಕುರ್ಲಾ ಸ್ಟೇಷನ್ನಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಒಳಗೆ ಎರಡು ಟಿವಿ, ಕ್ಯಾಸೆಟ್ಟುಗಳ ರಾಶಿ. ಅಂಬವ್ವನನ್ನು ಕಂಡದ್ದೇ ಆತ ಎದ್ದು ನಿಂತ. ಏನೂ ಕೇಳುವ ಮೊದಲೇ ಹೇಳತೊಡಗಿದ.

"ನನ್ನದು ಎಂತದೂ ಇಲ್ಲಮ್ಮಾ. ನೀವು ಹೇಳಿದ್ದು ನಾನು ಪೂರಾ ತೆಗೆದಿದ್ದೆ. ಹಿರಿಯಣ್ಣ ಸಾರ್ ಇಲ್ಲಿ ಬಂದು ಕೂತು ನೋಡಿದರು. ಹೊಂಡದ್ದು ಬೇಡ, ತೆಗೆ, ನಮ್ಮ ಪೋಷಕರದ್ದು ಅದು ಅಂತ ಹೇಳಿದರು. ಹೆಂಗಸು ಅಳುವುದು ಚಂದ ಬಂದಿದೆ, ಅದು ಮಾತ್ರ ಇರಲಿ ಅಂತ. ಮತ್ತೆ ರಮಾಮಣಿ ಮೇಡಂ ಬಂದು ಅವರು ಬರೆದದ್ದನ್ನು ಓದಿದರು. ನಾನು ಎಂತ ಮಾಡುವುದು? ದುಡ್ಡು ಕೊಡುವ ಪಾರ್ಟಿ ಹೇಳಿದ ಹಾಗೆ ಮಾಡುವುದು ನಮ್ಮ ಕೆಲಸ."

'ಅಳುವುದು ಚಂದ ಬಂದಿದೆ.' ಈ ಮಾತು ಕೇಳಿ ನನಗೆ ಮೈ ಉರಿಯಿತು. ಅಂಬವ್ವ ಮಾತ್ರ ತಣ್ಣಗೆ ನಿಂತಿದ್ದಳು.

"ನಿನ್ನ ಅವ್ವ ಅದಾಳೇನಪ?"

"ಇದ್ದಾರೆ. ಊರಿನಲ್ಲಿ."

"ನಿನ್ನ ಅವ್ವ ಅಳೂದನ್ನ ಹಿಂಗ ತಗದು, ಬ್ಯಾರೆ ಮಾತು ಹಚ್ಚಿ, ಊರೆಲ್ಲ ತೋರಿಸಿದ್ರ, ಪಾರ್ಟಿ ಹೇಳಿತು ಅಂತ ಸುಮ್ಮ ಇರ್ತಿದ್ದೇನು?"

ತನ್ನ ಮಾತಿರುವ ಕ್ಯಾಸೆಟ್ ಕೊಡು ಅಂತ ಅವಳು ಕೇಳಿದಳು. ಆತ ಹುಡುಕಿ ತೆಗೆದು ಮೆಷಿನ್ನಿಗೆ ಹಾಕಿದ. ಅಂಬವ್ವ ಪರದೆಯಲ್ಲಿ ಬಂದಳು, ಈ ಸಲ ಅವಳದೇ ದನಿ: "ಪಕ್ಕದ ಮನಿ ಕೂಸರಿ ಅದು, ಅಪ್ಪಿ ಅಂತ..." ಅಷ್ಟರಲ್ಲಿ ಪರದೆ ಒಮ್ಮೆ ಕುಣಿದು, ಯಾರದೋ ಮದುವೆಯ ಬ್ಯಾಂಡು ಬಾರಿಸತೊಡಗಿತು. ಕ್ಯಾಸೆಟ್ ವ್ಯರ್ಥವಾಗಬಾರದೆಂದು ದೂಜ ಅದರ ಮೇಲೆಯೇ ಒಂದು ಮದುವೆ ತೆಗೆದಿದ್ದ. ಕುದುರೆಯ ಮೇಲೆ ಕೂತ ಮದುಮಗನನ್ನು ನಾವು ಮೂವರೂ ನೋಡುತ್ತ ನಿಂತೆವು.

ಅಂಬವ್ವ ಸೆರಗು ಸರಿಮಾಡಿಕೊಂಡಳು. "ಹೋತಲ್ಲ. ಇರಲಿ, ನನ್ನ ನೆನಪು ಹೋಗಿಲ್ಲ. ಮತ್ತೊಮ್ಮೆ ತಗಿ. ನಾ ಹೇಳ್ತೀನಿ. ಈ ಸಲ ಯಾರಿಗೂ ಕೊಡಬ್ಯಾಡ, ನನಗ ಕೊಡು."

ದೂಜ ಬಂದ. ಒಪ್ಪಿದ ದಿನವೇ ಬಂದ, ಹೊಸ ಕ್ಯಾಸೆಟ್ ತಂದ. ಈ ಸಲ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಅಂಬವ್ವ ಅವನನ್ನು ನೇರ ಹೊಂಡದ ಹತ್ತಿರ ಕರೆದುಕೊಂಡು ಹೋದಳು. ಕೊಳೆತ ಹಲಗೆಯನ್ನು ಕಾಲಿನಿಂದ ಒತ್ತಿ ತೋರಿಸಿದಳು. ಅಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಳಲಿಲ್ಲ. ಆಮೇಲೆ ಯಾರೂ ಎಣಿಸದ್ದು ನಡೆಯಿತು. ಅಷ್ಟು ವರ್ಷ ಈ ವಿಷಯ ಬಂದರೆ ಎದ್ದು ಹೋಗುತ್ತಿದ್ದ ಸೇವಂತಿ ಮುಂದೆ ಬಂದು, "ನಾ ಅದರ ತಾಯಿ. ನಾ ಹೇಳ್ತೀನಿ," ಅಂದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ದೂಜ ಕ್ಯಾಮೆರಾ ಕೆಳಗಿಡದೆ ಕೊನೆತನಕ ಹಿಡಿದ.

ಗದಿಗೆಪ್ಪನನ್ನೂ ಕರೆದರು. ಆತ ಬರಲಿಲ್ಲ. "ನನ್ನನ್ನ ಒಮ್ಮೆ ತೋರಿಸಿದ್ದು ಸಾಕು" ಅಂದ. ತೋರಿಸಿಯೇ ಇರಲಿಲ್ಲ ಅವನನ್ನು. ಬರೀ ಮಾತಿನಲ್ಲಿ ಕೊಂದಿದ್ದರು.

ಗಣಪತಿ ಹಬ್ಬದ ಸಮಯ. ಗಲ್ಲಿಗಲ್ಲಿಯಲ್ಲೂ ಟಿವಿ, ವಿಸಿಆರ್ ಬಾಡಿಗೆಗೆ ತಂದು ಪಿಕ್ಚರ್ ಹಾಕುವ ರೂಢಿ. ಆ ಸಂಜೆ ಪಿಕ್ಚರಿಗೆ ಮೊದಲು ಅಂಬವ್ವನ ಕ್ಯಾಸೆಟ್ ಹಾಕಿದರು. ಕನ್ನಡ ಬಲ್ಲವರು ಬರದವರಿಗೆ ಹಿಂದಿಯಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ ಬಿಡಿಸಿ ಹೇಳಿದರು. ಮುಗಿದಾಗ ಪಿಕ್ಚರ್ ಹಾಕಿ ಅಂತ ಯಾರೂ ಕೇಳಲಿಲ್ಲ. ಹೆಂಗಸರೆಲ್ಲ ಎದ್ದು ಕಾರ್ಖಾನೆಯ ಗೇಟಿಗೆ ನಡೆದರು. ಮುಕಾದಮ ಪರಪ್ಪ ನಮ್ಮ ಕನ್ನಡದವನೇ, ಆದರೂ "ನಾಳೆ ಬರ್ರಿ, ಶೇಟ್ ಇಲ್ಲ" ಅಂದ. ನಾಳೆಯೂ ಹೋದರು, ನಾಡಿದ್ದೂ ಹೋದರು. ಗೇಟಿನೆದುರು ಕೂಸುಗಳನ್ನು ಕಟ್ಟಿಕೊಂಡು ಕೂತರು. ಲಾರಿ ಒಳಗೆ ಹೋಗಲಿಕ್ಕಾಗಲಿಲ್ಲ, ಹೊರಗೆ ಬರಲಿಕ್ಕಾಗಲಿಲ್ಲ. ವಾರ ಕಳೆಯುವುದರೊಳಗೆ ಹೊಂಡದ ಸುತ್ತ ಎದೆಮಟ್ಟದ ಗೋಡೆ ಎದ್ದಿತು, ಮೇಲೆ ಕಬ್ಬಿಣದ ಜಾಳಿಗೆ ಬಿತ್ತು. ಎರಡು ದಿನದ ಗಾರೆ ಕೆಲಸ! ಅದಕ್ಕೆ ಒಂದು ಕೂಸು ಹೋಗಬೇಕಾಯಿತು, ಒಬ್ಬ ಮನುಷ್ಯನ ಕೆಲಸ ಹೋಗಬೇಕಾಯಿತು.

ಮಂಡಳಿಗೆ ಇದರಿಂದ ಏನೂ ಆಗಲಿಲ್ಲ. ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ, ಆಗಲಿಲ್ಲ. ಹಳೆಯ ಕ್ಯಾಸೆಟ್ ಊರೂರು ಸುತ್ತಿತು. ದಾದರಿನ ಒಂದು ಮದುವೆಯಲ್ಲಿ ಅಪರಿಚಿತ ಹೆಂಗಸೊಬ್ಬರು, ನಾನು ಧಾರಾವಿಯ ಟೀಚರ್ ಅಂತ ತಿಳಿದು, "ಅಯ್ಯೋ, ಆ ಕುಡುಕನ ಹೆಂಡತಿ ಅಂಬವ್ವ ಗೊತ್ತಾ ನಿಮಗೆ? ಪಾಪ!" ಅಂದರು. ಊಟದ ಎಲೆ ಬಿಟ್ಟು ಎದ್ದೆ. ನನ್ನ ಮನೆಯವರು ಅಷ್ಟೊಂದು ಸಿಟ್ಟು ಯಾಕೆ ಅಂದರು. ಯಾಕೆ ಅಂತ ಏನು ಹೇಳಲಿ?

ತೊಂಬತ್ತೊಂದರ ಬೇಸಗೆಯಲ್ಲಿ ರಮಾಮಣಿಯವರು ಒಬ್ಬರೇ ಅಂಬವ್ವನ ಖೋಲಿಗೆ ಬಂದರು. ಮಂಡಳಿ ಬಿಟ್ಟಿದ್ದೇನೆ ಅಂದರು. ನಾನು ಆಗ ಮಕ್ಕಳಿಗೆ ಹಾಡು ಹೇಳಿಕೊಡುತ್ತ ಅಲ್ಲೇ ಇದ್ದೆ. ಗದಿಗೆಪ್ಪನೂ ಇದ್ದ. ಅವರನ್ನು ಕಂಡದ್ದೇ ಟೋಪಿ ಇಟ್ಟುಕೊಂಡು ಹೊರಗೆ ಹೋದ. ರಮಾಮಣಿಯವರು ಕೌದಿಯ ಮೇಲೆ ಮಕ್ಕಳ ನಡುವೆ ಕೂತರು. ಬಹಳ ಸೊರಗಿದ್ದರು.

"ಅಂಬವ್ವ, ಅದನ್ನ ನಾನು ಓದಬಾರದಿತ್ತು. ನನ್ನ ಕ್ಷಮಿಸಿ," ಅಂದರು.

ಅಂಬವ್ವ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಸಕ್ಕರೆ ಹಾಕಿದಳು. ಚಹಾ ಸೋಸಿ ಅವರ ಕೈಗೆ ಕೊಟ್ಟ ಮೇಲೆ ಮಾತಾಡಿದಳು.

"ಕುಡೀರಿ ಬಾಯಾರ. ಮನಿಗೆ ಬಂದಾವ್ರಿಗೆ ಚಾ ಕೊಡೂದು ನನ್ನ ಧರ್ಮ. ಆದ್ರ ನೀವು ಸಭಾದಾಗ ಅಂದ್ರಿ. ಸಭಾದಾಗ ಮಂದಿ ನಕ್ರು. ಇಲ್ಲಿ ನಾಕು ಗ್ವಾಡಿ ನಡುವ ನೀವು ತಪ್ಪಾತು ಅಂದ್ರ ಆ ಮಂದಿಗೆ ಹ್ಯಾಂಗ ಗೊತ್ತಾಗಬೇಕು? ಅದೇ ಸಭಾದಾಗ, ಅದೇ ಮೈಕಿನಾಗ ಹೇಳ್ರಿ. ನಮ್ಮವ್ರು ಬಂದು ಕುಂದರ್ತಾರ, ಕೇಳ್ತಾರ."

ರಮಾಮಣಿಯವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅದು ನನ್ನ ಕೈಲಾಗಲ್ಲ ಅಂಬವ್ವ," ಅಂದರು. ಅವರ ದನಿ ಆಗಲೂ ಮಧುರವಾಗಿಯೇ ಇತ್ತು.

"ಹಂಗಾರ ನನ್ನ ಕೈಲೂ ಆಗೂದಿಲ್ಲ," ಅಂದಳು ಅಂಬವ್ವ.

ರಮಾಮಣಿಯವರು ಚಹಾ ಮುಗಿಸಿ, ಕಪ್ಪು ತೊಳೆಯಲು ಹೋದರು. ಅಂಬವ್ವ ಅವರ ಕೈಯಿಂದ ಕಪ್ಪು ತೆಗೆದುಕೊಂಡು ತಾನೇ ತೊಳೆದಿಟ್ಟಳು. ಗಲ್ಲಿಯ ತುದಿಯವರೆಗೂ ಹೋಗಿ ಬೀಳ್ಕೊಟ್ಟು ಬಂದಳು. ಅವರು ಮತ್ತೆ ಬರಲಿಲ್ಲ. ಯಾವ ಸಭೆಯಲ್ಲೂ ಏನನ್ನೂ ಹೇಳಲಿಲ್ಲ. ಗದಿಗೆಪ್ಪ ಆಮೇಲೆ ಯಾರ ಮದುವೆ ಮುಂಜಿಗೂ, ಯಾವ ಕನ್ನಡ ಸಭೆಗೂ ಹೋಗಲಿಲ್ಲ. ಕಾರಖಾನೆ, ಮನೆ, ಸಂಜೆ ಹೊತ್ತು ಬಾಲವಾಡಿಯ ಮಕ್ಕಳಿಗೆ ಚರ್ಮದ ಚೂರಿನಲ್ಲಿ ಕುದುರೆ, ಎತ್ತು ಕತ್ತರಿಸಿ ಕೊಡುವುದು, ಇಷ್ಟೇ ಆತನ ಲೋಕವಾಯಿತು. ಅಂಬವ್ವ ಮಾತ್ರ ಪ್ರತಿ ವರ್ಷ ಮಂಡಳಿಯ ಸಮಾರಂಭದ ದಿನ ಒಳ್ಳೆಯ ಸೀರೆ ಉಟ್ಟು ಮಾಟುಂಗಕ್ಕೆ ಹೋಗುತ್ತಾಳೆ. ಕರೆಯುವುದಿಲ್ಲ, ಆದರೂ ಹೋಗುತ್ತಾಳೆ. ಎರಡನೇ ಸಾಲಿನಲ್ಲಿ ಕೂರುತ್ತಾಳೆ. ಅವಳು ಕೂತಿರುವಷ್ಟು ಹೊತ್ತು ಅವರು ಟಿವಿ ಹಚ್ಚುವುದಿಲ್ಲ.